ಹತ್ತು ಸಾವಿರ ಹೆಜ್ಜೆ ಯಾರ ಲೆಕ್ಕ?

ಓದುಗರ ಪತ್ರ

"ಸಂಪಾದಕರಿಗೆ ಶರಣು. ನನಗ 63 ವರ್ಷ. ಗಂಜ್‌ನಾಗ ದಾಲ್ ಮಿಲ್‌ನಲ್ಲಿ 30 ವರ್ಷ ದುಡದೀನಿ. ಬೀಡಿನೂ ಸೇದ್ತಿದ್ದೆ, ಬಿಟ್ಟು ನಾಕು ವರ್ಷ ಆಯ್ತು. ಡಾಕ್ಟರು ಸಿಒಪಿಡಿ ಅಂದಾರ, ಉಸಿರಿನ ಕೊಳವಿ ಸಣ್ಣಾಗೋ ರೋಗ ಅಂತ. ಬಾಯಿಂದ ಔಷಧ ಎಳಕೊಳ್ಳೋ ಪಂಪ್ (ಇನ್ಹೇಲರ್) ಕೊಟ್ಟಾರ. ಬೆಂಗಳೂರಾಗಿರೋ ಮಗ ಫೋನಿನಾಗ ಹೆಜ್ಜಿ ಎಣಿಸೋ ಆ್ಯಪ್ ಹಾಕಿ ಕೊಟ್ಟಾನ. ದಿನಾ ಹತ್ತು ಸಾವಿರ ಆಗಬೇಕಂತ. ನಂದು ಎರಡು ಸಾವಿರ ದಾಟಲ್ಲ. ಒಂದಿನ ಹಟ ಹಿಡದು ನಡದೆ. ದಮ್ ಹತ್ತಿ ರಸ್ತೆ ಬದಿಗೆ ಕುಂತೆ. ಹೋಗೋರು 'ಮುಂಜಾನಿಗೇ ಕುಡದಾನ' ಅಂದ್ರು. ಅವತ್ತಿಂದ ಹೊರಗ ಹೋಗೋದೇ ಬಿಟ್ಟೀನಿ. ಈ ವರ್ಷ ಶರಣಬಸವೇಶ್ವರರ ತೇರು ಸೈತ ಟಿವಿಯಾಗ ನೋಡಿದೆ. ಮಗ ರಾತ್ರಿ ಫೋನ್ ಮಾಡಿ ಎಷ್ಟಾಯ್ತು ಅಂತಾನ. ಸುಳ್ಳು ಹೇಳ್ತೀನಿ. ಈ ಆ್ಯಪ್ ತೆಗೆದು ಹಾಕಲೇನ್ರಿ? ನಮ್ಮಂಥವರು ಕುಂತು ಆರಾಮ ಮಾಡೋದೇ ಚಲೋ ಅಲ್ಲೇನು?"

– ಹೆಸರು ಹಾಕಬೇಡಿ ಎಂದಿರುವ ಓದುಗರು, ಕಲಬುರಗಿ

ಸಂಪಾದಕರ ಉತ್ತರ

ಅಣ್ಣಾರೇ,

ನಿಮ್ಮ ಪತ್ರ ಮೂರು ಸಲ ಓದಿದೆ. 'ಸುಳ್ಳು ಹೇಳ್ತೀನಿ' ಅನ್ನುವಲ್ಲಿ ಮೂರು ಸಲವೂ ನಿಂತೆ. ಮೂವತ್ತು ವರ್ಷ ಮೈಮುರಿದು ದುಡಿದವರು ಒಂದು ಫೋನಿನ ಮುಂದೆ ತಪ್ಪು ಮಾಡಿದವರ ಹಾಗೆ ಕೂರುವಂತಾಯಿತಲ್ಲ ಎಂದು ಸಂಕಟವಾಯಿತು. ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಆ್ಯಪ್ ತೆಗೆಯಬೇಡಿ. ಅದರೊಳಗಿನ ಹತ್ತು ಸಾವಿರವನ್ನು ತೆಗೆಯಿರಿ. ಕುಂತು ಆರಾಮ ಮಾಡುವ ಮಾತನ್ನಂತೂ ದಯವಿಟ್ಟು ಬಿಟ್ಟುಬಿಡಿ. ಆ ಮಾತು ನಮ್ಮ ಮನೆಯಲ್ಲಿ ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಜಪಾನಿನಿಂದ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜನರಿಗೆ ವ್ಯಾಯಾಮದ ಹುರುಪು ಬಂದಿತ್ತು. ಮರುವರ್ಷವೇ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಡಬ್ಬಿಯೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು 'ಮಾನ್‌ಪೋ-ಕೇ'. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಅಷ್ಟೇ ಅಣ್ಣಾ. ಒಂದು ಸರಕಿನ ಹೆಸರು ಲೋಕಕ್ಕೆಲ್ಲ ಆರೋಗ್ಯದ ಗುರಿಯಾಗಿ ಕೂತಿತು. ನಿಮ್ಮ ಎದೆಗೆ ಕಿವಿಕೊಟ್ಟು ಕೇಳಿದ ಯಾವ ಡಾಕ್ಟರೂ ಆ ಸಂಖ್ಯೆ ಬರೆದದ್ದಲ್ಲ. ಅಮೆರಿಕದಲ್ಲಿ ಸುಮಾರು 17 ಸಾವಿರ ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ, 2019ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಸಾವು ಎದ್ದು ಕಾಣುವಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಲಾಭ ಮತ್ತೆ ಏರಲಿಲ್ಲ. ಹತ್ತು ಸಾವಿರ ಅಲ್ಲಿಯೂ ಬೇಕಾಗಲಿಲ್ಲ.

ಈಗ ನಿಮ್ಮ ಎದೆಯ ಮಾತಿಗೆ ಬರೋಣ. ಉಸಿರು ಒಳಗೆ ಬರುತ್ತಿಲ್ಲ ಅಂತ ನಿಮಗೆ ಅನಿಸುತ್ತದೆ, ಅಲ್ವಾ? ಈ ರೋಗದಲ್ಲಿ ಮೊದಲ ತೊಂದರೆ ಇರುವುದು ಹೊರಗೆ ಹೋಗುವುದರಲ್ಲಿ. ಧೂಳು, ಬೀಡಿ ಹೊಗೆ ಸೇರಿ ಗಾಳಿಯ ಕೊಳವೆಗಳು ಸಣ್ಣಗಾಗಿವೆ. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವುದರೊಳಗೆ ಮುಂದಿನ ಉಸಿರು ಬಂದು ನಿಂತಿರುತ್ತದೆ. ನೀವು ಚೀಲ ತುಂಬಿದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚೀಲದಲ್ಲಿ ಹಳೇ ಹೊಟ್ಟು ಹಾಗೇ ಕೂತಿದ್ದರೆ ಹೊಸ ಬೇಳೆ ಎಲ್ಲಿ ಹಿಡಿಯುತ್ತದೆ? ಬಿರಬಿರನೆ ನಡೆದಷ್ಟೂ ಉಸಿರು ಬೇಗ ಬೇಗ ಓಡುತ್ತದೆ. ಒಳಗೆ ಹಳೇ ಗಾಳಿ ಜಾಸ್ತಿ ಉಳಿಯುತ್ತದೆ. ಅವತ್ತು ಹಟ ಹಿಡಿದು ನಡೆದಾಗ ನಿಮಗೆ ಆದದ್ದು ಇದೇ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಇದಕ್ಕೊಂದು ಉಪಾಯ ಇದೆ, ಇವತ್ತೇ ಮಾಡಿ ನೋಡಿ. ಬಸಿಗೆ ಸುರಿದ ಬಿಸಿ ಚಹಾ ಆರಿಸಲು ತುಟಿ ಮುಂದೆ ಮಾಡಿ ಮೆಲ್ಲಗೆ ಊದುತ್ತೀರಲ್ಲ, ಹಾಗೆ ಉಸಿರು ಬಿಡಿ. ಮೂಗಿನಿಂದ ಎಳೆದುಕೊಳ್ಳುವಾಗ ಎರಡು ಹೆಜ್ಜೆ, ತುಟಿಯಿಂದ ಬಿಡುವಾಗ ನಾಲ್ಕು ಹೆಜ್ಜೆ. ಜೋರಾಗಿ ಊದುವುದು ಬೇಡ. ದಮ್ ಹತ್ತಿದರೆ ನಿಂತು, ಗೋಡೆಗೋ ಕಟ್ಟೆಗೋ ಕೈ ಕೊಟ್ಟು ಸ್ವಲ್ಪ ಮುಂದಕ್ಕೆ ಬಾಗಿ. ಕೂತರೆ ಮೊಣಕೈ ತೊಡೆಯ ಮೇಲಿರಲಿ. ಕುಡಿದಿದ್ದಾನೆ ಅಂದವರು ಅನ್ನಲಿ ಬಿಡಿ. ಅವರಿಗೆ ಗೊತ್ತಿಲ್ಲ. ಅವರ ಮಾತಿಗೆ ನಿಮ್ಮ ಶ್ವಾಸ ಯಾಕೆ ಕಳೆದುಕೊಳ್ಳುತ್ತೀರಿ?

ನಮ್ಮ ಅವ್ವನಿಗೂ ಇದೇ ರೋಗವಿತ್ತು. ಅವ್ವ ಒಂದು ಬೀಡಿಯನ್ನೂ ಮುಟ್ಟಿದವಳಲ್ಲ. ನಲವತ್ತು ವರ್ಷ ತೊಗರಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿದಳು. ಕಿಟಕಿ ಇಲ್ಲದ ಅಡಿಗೆಮನೆ, ಹನ್ನೊಂದು ಜನರ ರೊಟ್ಟಿ. ಹೊಗೆಯಿಂದಲೂ ಸಿಒಪಿಡಿ ಬರುತ್ತದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ದಮ್ ಹತ್ತತೊಡಗಿದಾಗ ನಾವೆಲ್ಲ ಒಂದೇ ಮಾತು ಹೇಳಿದೆವು: 'ನೀ ಕುಂದರು ಅವ್ವಾ, ಏಳಬ್ಯಾಡ.' ನೀರು ಮಂಚಕ್ಕೇ ತಂದುಕೊಟ್ಟೆವು. ಊಟ ಮಂಚಕ್ಕೇ. ಪ್ರೀತಿಯಿಂದಲೇ ಮಾಡಿದೆವು. ಒಂದು ವರ್ಷದಲ್ಲಿ ಅವಳ ತೊಡೆ ಕಡ್ಡಿಯಾಯಿತು. ಮೊದಲು ಅಂಗಳ ದಾಟಿದರೆ ತೇಕುತ್ತಿದ್ದವಳು ಆಮೇಲೆ ಹೊಸ್ತಿಲು ದಾಟಿದರೂ ತೇಕಿದಳು. ಶ್ವಾಸಕೋಶ ಅಷ್ಟರಲ್ಲಿ ಅಷ್ಟೊಂದು ಕೆಟ್ಟಿರಲಿಲ್ಲ. ಕೆಟ್ಟದ್ದು ಕಾಲು. ಸೋತ ಕಾಲಿಗೆ ಅದೇ ನಾಲ್ಕು ಹೆಜ್ಜೆಗೆ ಜಾಸ್ತಿ ಗಾಳಿ ಬೇಕು. ಜಾಸ್ತಿ ಗಾಳಿ ಬೇಕೆಂದರೆ ಜಾಸ್ತಿ ತೇಕು. ತೇಕು ಬಂತೆಂದು ಮತ್ತೆ ಕೂರುವುದು. ಇದನ್ನು ನಮಗೆ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಅವ್ವನನ್ನು ದಿನಾ ಹತ್ತು ಹೆಜ್ಜೆ ಕೈಹಿಡಿದು ನಡೆಸಬಹುದಿತ್ತು ಎಂಬುದು ನನ್ನ ಎದೆಯಲ್ಲಿ ಇವತ್ತಿಗೂ ಇದೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾದರೆ ಎಷ್ಟು ನಡೆಯಬೇಕು? ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ. ಸುಮ್ನೆ ಫೋನ್ ಕಿಸೆಯಲ್ಲಿಟ್ಟುಕೊಂಡು ಓಡಾಡಿ. ಏಳು ದಿನದ ಹೆಜ್ಜೆ ಕೂಡಿಸಿ ಏಳರಿಂದ ಭಾಗಿಸಿ. ಈಗ ಹೊರಗೆ ಹೋಗುವುದನ್ನೇ ಬಿಟ್ಟಿದ್ದೀರಿ, ಆ ಲೆಕ್ಕ 1,200 ಬರಲಿ, 900 ಬರಲಿ, ಅದೇ ನಿಮ್ಮ ಶುರು. ಮುಂದಿನ ವಾರದ ಗುರಿ ಅದಕ್ಕಿಂತ ಇನ್ನೂರು ಮುನ್ನೂರು ಹೆಜ್ಜೆ ಜಾಸ್ತಿ ಇರಲಿ. ಅಷ್ಟು ಸಲೀಸಾದರೆ ಮತ್ತಷ್ಟು. ಸಿಒಪಿಡಿ ಇರುವವರ ಮೇಲೆ ನಡೆದ ಅಧ್ಯಯನಗಳ ಪ್ರಕಾರ ದಿನಕ್ಕೆ 600ರಿಂದ 1,100 ಹೆಜ್ಜೆ ಹೆಚ್ಚಿದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆ. ಅಷ್ಟು ಹೆಚ್ಚಿದವರು ಆಸ್ಪತ್ರೆ ಸೇರುವುದೂ ಕಡಿಮೆಯಾಗಿತ್ತು. 600 ಹೆಜ್ಜೆ ಎಂದರೆ ಮೆಲ್ಲಗೆ ನಡೆದರೂ ಹತ್ತು ಹನ್ನೆರಡು ನಿಮಿಷ. ಅದನ್ನೂ ಮೂರು ತುಂಡು ಮಾಡಬಹುದು: ಚಹಾ ಆದ ಮೇಲೆ ಒಂದು, ಸಂಜೆ ಎರಡು.

ತೇಕು ಎಷ್ಟಿರಬೇಕು ಅನ್ನುವುದಕ್ಕೂ ಅಳತೆ ಇದೆ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಾದರೆ ಹತ್ತು. ನೀವು ಮೂರು ನಾಲ್ಕರಲ್ಲಿರಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಸ್ವಲ್ಪ ದಮ್ ಬಂದರೆ ಹೆದರಬೇಡಿ. ಹೆದರಿಕೆಯೇ ಉಸಿರನ್ನು ಇನ್ನೂ ಓಡಿಸುತ್ತದೆ.

ಫೋನಿನ ಬಗ್ಗೆ ಒಂದು ವಿಷಯ. ಅದು ಹೆಜ್ಜೆಯನ್ನು ನೋಡುವುದಿಲ್ಲ, ಮೈಯ ಅಲುಗಾಟ ಹಿಡಿದು ಲೆಕ್ಕ ಹಾಕುತ್ತದೆ. ಕಾಲು ಎಳೆದುಕೊಂಡು ಮೆಲ್ಲಗೆ ನಡೆಯುವವರ ಎಷ್ಟೋ ಹೆಜ್ಜೆ ಅದಕ್ಕೆ ತಿಳಿಯುವುದೇ ಇಲ್ಲ. ಆಟೋದಲ್ಲಿ ಕುಲುಕಾಡಿದ್ದನ್ನು ಕೆಲವೊಮ್ಮೆ ಹೆಜ್ಜೆ ಅಂತ ಸೇರಿಸಿಬಿಡುತ್ತದೆ. ಮಂಚದ ಮೇಲೆ ಬಿಟ್ಟು ನೀವು ಹಿತ್ತಲಿಗೆ ಹೋಗಿ ಬಂದರೆ ಆ ನಡಿಗೆ ಲೆಕ್ಕದಲ್ಲೇ ಇಲ್ಲ. ಧೋತ್ರ ಉಡುವವರಿಗೆ ಫೋನ್ ಇಡುವುದೇ ಒಂದು ತಾಪತ್ರಯ. ಬನಿಯನ್ ಕಿಸೆಯೋ ಅಂಗಿ ಕಿಸೆಯೋ ಒಂದು ಗೊತ್ತು ಮಾಡಿ, ದಿನಾ ಅಲ್ಲೇ ಇಡಿ. ಒಂದು ಸಲ ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನಡೆದು, ಫೋನ್ ಎಷ್ಟು ಹೇಳುತ್ತದೆ ನೋಡಿ. ಅರವತ್ತು ಹೇಳಿದರೆ ಬೇಸರ ಬೇಡ. ನಿನ್ನೆಯ ಲೆಕ್ಕವೂ ಅದೇ ಫೋನಿನದು, ಇವತ್ತಿನದೂ ಅದರದೇ. ಹೋಲಿಸಲು ಅಷ್ಟು ಸಾಕು. ಆದರೆ ಕ್ಯಾಮೆರಾ ಮೇಲೆ ಬೆರಳಿಟ್ಟರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಹೇಳುತ್ತೇವೆ ಎನ್ನುವ ಆ್ಯಪ್‌ಗಳು ಬರುತ್ತವೆ, ಅವನ್ನು ನಂಬಲೇಬೇಡಿ. ಅದಕ್ಕೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೇ ಬೇಕು.

ಆ್ಯಪ್‌ನಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ನೀವು ಕೇಳಬಹುದು. ಇದೆ, ಆದರೆ ಒಂದು ಷರತ್ತಿನ ಮೇಲೆ. ಯುರೋಪಿನ ಆರು ಕೇಂದ್ರಗಳಲ್ಲಿ 343 ಸಿಒಪಿಡಿ ರೋಗಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು, ಅದು 2017ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಹೆಜ್ಜೆ ಎಣಿಸುವ ಸಾಧನ, ಫೋನಿನ ಆ್ಯಪ್ ಕೊಟ್ಟರು. 12 ವಾರ ಕಳೆಯುವ ಹೊತ್ತಿಗೆ ಉಳಿದವರಿಗೆ ಹೋಲಿಸಿದರೆ ಅವರು ದಿನಕ್ಕೆ 1,400ಕ್ಕೂ ಹೆಚ್ಚು ಹೆಜ್ಜೆ ಮುಂದಿದ್ದರು. ನನ್ನ ಮನಸ್ಸಿಗೆ ನಾಟಿದ್ದು ಆ ಸಂಖ್ಯೆಗಿಂತ ಇನ್ನೊಂದು. ಅಲ್ಲಿ ಎಲ್ಲರಿಗೂ ಒಂದೇ ಗುರಿ ಇರಲಿಲ್ಲ. ಅವರವರು ನಡೆಯುತ್ತಿದ್ದುದನ್ನು ನೋಡಿ ಅವರವರ ಗುರಿ ಇಟ್ಟರು. ಶುರುವಿನಲ್ಲಿ ಒಬ್ಬರು ಎದುರಿಗೆ ಕೂತು ಮಾತಾಡಿದ್ದರು. ಬೇಕಾದಾಗ ಫೋನ್ ಮಾಡಿ ವಿಚಾರಿಸುವವರೂ ಇದ್ದರು. ನಿಮ್ಮ ಫೋನಿಗೆ ಸಿಗದೆ ಹೋದದ್ದು ಅದೇ ಅಲ್ವಾ?

ನಮ್ಮ ಊರಿನ ಹವೆಯನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸುಡುತ್ತದೆ. ಆಗ ನಡಿಗೆ ಮುಂಜಾನೆ ಏಳರೊಳಗೆ ಮುಗಿಯಬೇಕು. ಅಪ್ಪನ ಕೆರೆ ದಂಡೆಯೋ ಪಬ್ಲಿಕ್ ಗಾರ್ಡನ್ನೋ ಯಾವುದು ಹತ್ತಿರವೋ ನೋಡಿ, ಕೂರಲು ಜಾಗ ಇರುವ ದಾರಿಯನ್ನೇ ಹಿಡಿಯಿರಿ. ತೊಗರಿ ರಾಶಿಯ ಕಾಲಕ್ಕೆ, ಅಂದರೆ ಡಿಸೆಂಬರ್, ಜನವರಿಯಲ್ಲಿ ಧೂಳು ಜಾಸ್ತಿ. ಚಳಿಗೆ ರಸ್ತೆ ಬದಿ ಕಸ ಸುಡುತ್ತಾರೆ, ಅದರ ಹೊಗೆ ಬೇರೆ. ಅಂಥ ದಿನ ಮನೆಯ ಪಡಸಾಲೆಯಲ್ಲೇ ಗೋಡೆಯಿಂದ ಗೋಡೆಗೆ ನಡೆಯಿರಿ. ಗಂಜ್ ಕಡೆಗೆ ಹಳೇ ಗೆಳೆಯರನ್ನು ನೋಡಲು ಹೋಗುವುದಾದರೆ ಮಿಲ್ ನಡೆಯದ ಹೊತ್ತು ನೋಡಿ ಹೋಗಿ.

ಶುರು ಮಾಡುವ ಮುಂಚೆ ಡಾಕ್ಟರನ್ನು ಒಮ್ಮೆ ಕಾಣಬೇಕು. ದಮ್ ಹತ್ತುವುದಕ್ಕೆ ಎದೆಗುಂಡಿಗೆಯ ತೊಂದರೆಯೂ ಕಾರಣವಿರಬಹುದು, ಅದನ್ನು ಅವರೇ ನೋಡಬೇಕು. 'ಆರು ನಿಮಿಷದ ನಡಿಗೆ ಪರೀಕ್ಷೆ ಮಾಡ್ರಿ' ಅಂತ ಕೇಳಿ. 30 ಮೀಟರ್ ಉದ್ದದ ಜಾಗದಲ್ಲಿ ಆರು ನಿಮಿಷ ನಿಮ್ಮ ಪಾಡಿಗೆ ನಡೆಸಿ, ಎಷ್ಟು ದೂರ ಆಯಿತು, ಆಕ್ಸಿಜನ್ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಪಲ್ಮನರಿ ರಿಹ್ಯಾಬಿಲಿಟೇಶನ್ ಅಂತ ಶ್ವಾಸಕೋಶದ ರೋಗಿಗಳಿಗೆ ವ್ಯಾಯಾಮ ಕಲಿಸುವ ಆರೆಂಟು ವಾರದ ತರಬೇತಿ ಇರುತ್ತದೆ, ಅದು ಎಲ್ಲಿ ಸಿಗುತ್ತದೆ ಅಂತಲೂ ಕೇಳಿ. ಪಂಪ್ ಅವರ ಎದುರಿಗೇ ತೆಗೆದುಕೊಂಡು ತೋರಿಸಿ. ಎಷ್ಟೋ ಜನರ ಔಷಧ ಗಂಟಲಲ್ಲೇ ಉಳಿಯುತ್ತದೆ, ಎದೆಗೆ ಇಳಿಯುವುದೇ ಇಲ್ಲ. ನಡೆಯುವ ಮೊದಲು ಪಂಪ್ ಹೊಡೆಯಬೇಕೋ ಬೇಡವೋ ಅನ್ನುವುದನ್ನೂ ಅವರೇ ಹೇಳಲಿ.

ಎದೆ ನೋವು, ತಲೆ ತಿರುಗು ಬಂದರೆ, ತುಟಿ ನೀಲಿಯಾದರೆ, ಕೂತರೂ ದಮ್ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಕ್ಸಿಮೀಟರ್ ಇದ್ದು, ನಡೆಯುವಾಗ ಆಕ್ಸಿಜನ್ ಶೇ 88ಕ್ಕಿಂತ ಕೆಳಗೆ ಇಳಿದರೆ ನಿಂತುಬಿಡಿ, ಡಾಕ್ಟರಿಗೆ ತಿಳಿಸಿ. ಕಫದ ಬಣ್ಣ ಬದಲಾಗಿ ಹಳದಿ, ಹಸಿರು ಆದರೆ, ಕಾಲು ಬಾತರೆ ಅವತ್ತು ಹೆಜ್ಜೆಯ ಲೆಕ್ಕ ಬಿಡಿ. ಮೊದಲು ಚಿಕಿತ್ಸೆ.

ಇನ್ನು ಮಗನ ವಿಷಯ. ಈ ಪುಟವನ್ನು ಅವನಿಗೆ ಫೋಟೋ ತೆಗೆದು ಕಳಿಸಿ. ತಮ್ಮಾ, ನಿನಗೆ ನೇರವಾಗಿ ಹೇಳುತ್ತೇನೆ. ನಿನ್ನ ಕಾಳಜಿ ನಿಜ. ಅಷ್ಟು ದೂರ ಕೂತವನಿಗೆ ಅಪ್ಪನ ಸುದ್ದಿ ಬೇಕು, ಆ ಸಂಖ್ಯೆಯಲ್ಲಿ ಅದನ್ನೇ ಹುಡುಕುತ್ತಿದ್ದೀ. ಆದರೆ 'ಎಷ್ಟಾಯ್ತು' ಅಂತ ಕೇಳಬೇಡ. 'ಇವತ್ತು ಯಾವ ಕಡೆ ಹೋಗಿದ್ದಿ, ಯಾರು ಸಿಕ್ಕಿದ್ದರು' ಅಂತ ಕೇಳು. ಊರಿಗೆ ಬಂದಾಗ ಆ್ಯಪ್ ತೆರೆದು ಹತ್ತು ಸಾವಿರ ಅಳಿಸಿ ಅಪ್ಪನ ಲೆಕ್ಕ ಹಾಕಿಕೊಡು. ಕನ್ನಡಕ್ಕೆ ಬದಲಿಸಲು ಬಂದರೆ ಬದಲಿಸು, ಅಕ್ಷರ ದೊಡ್ಡದು ಮಾಡು. ಒಂದು ಮುಂಜಾನೆ ಅವರ ಜೊತೆ, ಅವರ ವೇಗದಲ್ಲಿ ನಡೆ.

ಅಣ್ಣಾರೇ, ಸುಳ್ಳು ಹೇಳಿದ್ದನ್ನು ಮಗನಿಗೆ ನೀವೇ ಹೇಳಿಬಿಡಿ. ಅವನು ಬೈಯುವುದಿಲ್ಲ.

ನಿಮ್ಮ ಪತ್ರದಲ್ಲಿ ತೇರಿನ ಮಾತು ಒಂದೇ ಸಾಲು ಇದೆ. ನನಗೆ ಅದೇ ದೊಡ್ಡದಾಗಿ ಕಂಡಿತು. ನಿಮ್ಮ ಮನೆಯಿಂದ ಶರಣಬಸವೇಶ್ವರ ಗುಡಿಗೆ ಎಷ್ಟು ಹೆಜ್ಜೆ? ನನಗೂ ಗೊತ್ತಿಲ್ಲ, ಜಪಾನಿನ ಡಬ್ಬಿಗೂ ಗೊತ್ತಿಲ್ಲ. ಮಗ ಬಂದಾಗ ಫೋನ್ ಅವನ ಕಿಸೆಯಲ್ಲಿಟ್ಟು ನಿಮ್ಮ ಮನೆ ಬಾಗಿಲಿನಿಂದ ಗುಡಿಯ ಮೆಟ್ಟಿಲಿನವರೆಗೆ ನಡೆದು ಎಣಿಸಲಿ. ದಾರಿಯಲ್ಲಿ ಕೂರಲು ಎಲ್ಲೆಲ್ಲಿ ಕಟ್ಟೆ ಇದೆ ಅಂತಲೂ ನೋಡಿಕೊಂಡು ಬರಲಿ. ಆ್ಯಪ್‌ನಲ್ಲಿ ಗುರಿ ಅಂತ ಇರುವ ಜಾಗದಲ್ಲಿ ಆ ಸಂಖ್ಯೆ ಬರೆಯಿರಿ. ಮೊದಲ ತಿಂಗಳು ಮೊದಲ ಕಟ್ಟೆಯವರೆಗೆ ಹೋಗಿ ಬನ್ನಿ. ಆಮೇಲೆ ಎರಡನೇ ಕಟ್ಟೆ. ತಿರುಗಿ ಬರುವಾಗ ಆಟೋ ಹತ್ತಿದರೂ ಪರವಾಗಿಲ್ಲ. ಹೋಳಿ ಆಗಿ ಐದನೇ ದಿನಕ್ಕೆ ತೇರು, ಅಲ್ಲಿಯವರೆಗೆ ತಿಂಗಳುಗಳೇ ಇವೆ. ಎಷ್ಟನೇ ಕಟ್ಟೆ ಮುಟ್ಟಿದಿರಿ ಅಂತ ತಿಂಗಳಿಗೊಂದು ಕಾರ್ಡು ಬರೆಯಿರಿ. ನಾನು ಕಾಯುತ್ತಿರುತ್ತೇನೆ.

– ಸಂಪಾದಕ