ಸಂಪಾದಕರ ಉತ್ತರ: ಓದಿದ್ದೆಲ್ಲ ಎಲ್ಲಿಗೆ ಹೋಗುತ್ತದೆ?

ಓದುಗರ ಪತ್ರ: "ಸರ್, ನನಗೆ ಹದಿನಾರು ವರ್ಷ. ದಿನಾ ನಾಲ್ಕೈದು ಗಂಟೆ ಓದುತ್ತೇನೆ. ಪ್ರತಿ ಪಾಠವನ್ನೂ ಮೂರು ಸಲ ಓದಿ, ಮುಖ್ಯ ಅನಿಸಿದ ಸಾಲಿಗೆಲ್ಲ ಹಳದಿ ಹೈಲೈಟರ್ ಹಾಕುತ್ತೇನೆ. ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ತಲೆ ಖಾಲಿ. ಪ್ರತಿ ಭಾನುವಾರ ಟೈಮ್ ಟೇಬಲ್ ಹಾಕುತ್ತೇನೆ, ಬುಧವಾರಕ್ಕೆ ಅದು ಮುರಿದು ಬಿದ್ದಿರುತ್ತದೆ. ನನ್ನ ಗೆಳತಿ ನನ್ನ ಅರ್ಧದಷ್ಟೂ ಓದುವುದಿಲ್ಲ. ಬಸ್ಸಿನಲ್ಲಿ ಪುಸ್ತಕ ನನ್ನ ಕೈಗೆ ಕೊಟ್ಟು 'ಏನಾದ್ರೂ ಕೇಳೇ' ಅಂತ ಪೀಡಿಸುತ್ತಾಳೆ, ಅಷ್ಟೇ. ಮಾರ್ಕ್ಸ್ ಮಾತ್ರ ಅವಳಿಗೇ ಜಾಸ್ತಿ. ನನ್ನ ತಲೆಯೇ ಮಂದವಾ? ದಯವಿಟ್ಟು ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ. 'ನೀನು' ಅಂತಲೇ ಬರೆಯುತ್ತೇನೆ, ನನ್ನ ಮಗಳಿಗೂ ಹೆಚ್ಚೂಕಮ್ಮಿ ನಿನ್ನದೇ ವಯಸ್ಸು.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿನ್ನ ತಲೆ ಮಂದವಲ್ಲ. ನೀನು ಪಡುತ್ತಿರುವ ಕಷ್ಟವೂ ಸುಳ್ಳಲ್ಲ. ಆದರೆ ಆ ಕಷ್ಟದ ಬಹುಪಾಲು ಕಣ್ಣಿಗೆ ಬೀಳುತ್ತಿದೆ, ನೆನಪಿಗೆ ಬೀಳುತ್ತಿಲ್ಲ. ಇದಕ್ಕೆ ಮದ್ದು ನಿನ್ನ ಪತ್ರದಲ್ಲೇ ಇದೆ, ನೀನು 'ಅಷ್ಟೇ' ಅಂತ ತಳ್ಳಿಹಾಕಿದ ಆ ಸಾಲಿನಲ್ಲಿ.

ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುತ್ತೇವಲ್ಲ, ಅದರಲ್ಲಿ ನಮಗೊಂದು ನಿಯಮವಿದೆ. ಬರೆದವರೇ ತಮ್ಮ ಲೇಖನದ ಕರಡು ನೋಡಬಾರದು. ಯಾಕೆಂದರೆ ಐದು ಸಲ ಓದಿದ ಪುಟದಲ್ಲಿ ತಪ್ಪು ಕಾಣುವುದೇ ಇಲ್ಲ. ಕಣ್ಣು ಸರ್ರಂತ ಜಾರುತ್ತದೆ, ಎಲ್ಲ ಸರಿಯಾಗಿದೆ ಅನಿಸುತ್ತದೆ. ನಾನೇ ಒಮ್ಮೆ ಹಟ ಹಿಡಿದು ನನ್ನ ಲೇಖನ ನಾನೇ ತಿದ್ದಿ, ಶೀರ್ಷಿಕೆಯಲ್ಲೇ ತಪ್ಪು ಉಳಿಸಿ, ಒಂದು ತಿಂಗಳು ಓದುಗರ ಪತ್ರಗಳಿಗೆ ಉತ್ತರ ಬರೆಯುತ್ತಾ ಕೂತಿದ್ದೆ. ಮೂರನೇ ಸಲ ಪಾಠ ಓದುವಾಗ ನಿನಗೆ ಆಗುವುದೂ ಇದೇ. ಸಾಲು ಪರಿಚಯವಾಗಿದೆ, ಹಾಗಾಗಿ ಸಲೀಸಾಗಿ ಹೋಗುತ್ತದೆ. ಆ ಸಲೀಸನ್ನೇ ನೀನು 'ಬಂತು' ಅಂದುಕೊಳ್ಳುತ್ತೀಯ. ಮುಖ ಪರಿಚಯ ಇರುವ ಎಷ್ಟೋ ಜನರ ಹೆಸರು ನಮಗೆ ಗೊತ್ತಿರುವುದಿಲ್ಲ ಅಲ್ವಾ, ಹಾಗೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡು. ದಿನಾ ಕೈಯಲ್ಲಿ ಓಡಾಡುವ ಒಂದು ನಾಣ್ಯವನ್ನು, ನೋಡದೆ, ಕಾಗದದ ಮೇಲೆ ಬಿಡಿಸು. ಏನು ಬರೆದಿದೆ, ಯಾವ ಕಡೆ, ಎಲ್ಲ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಸಂಶೋಧಕರು ಅಮೆರಿಕದ ಜನರಿಗೆ ಅವರದೇ ಒಂದು ಸೆಂಟಿನ ನಾಣ್ಯ ಬಿಡಿಸಲು ಹೇಳಿದ್ದರು. ಸಾವಿರಾರು ಸಲ ನೋಡಿದ ನಾಣ್ಯ, ಬಹುತೇಕರಿಗೆ ಸರಿಯಾಗಿ ಬರಲಿಲ್ಲ.

ಹಾಗಾದರೆ ಮಾಡುವುದೇನು? ಪುಸ್ತಕ ಮುಚ್ಚು. ಒಂದು ಪಾಠ ಒಮ್ಮೆ ಗಮನವಿಟ್ಟು ಓದು, ಮುಚ್ಚು, ರಫ್ ಹಾಳೆ ತೆಗೆದುಕೊಂಡು ನೆನಪಿಗೆ ಬಂದದ್ದನ್ನೆಲ್ಲ ಬರೆ. ಅಕ್ಷರ ಚೆನ್ನಾಗಿರಬೇಕಿಲ್ಲ, ವಾಕ್ಯ ಪೂರ್ತಿ ಇರಬೇಕಿಲ್ಲ, ಬಾಣದ ಗುರುತು, ಗೀಚು, ಏನಾದರೂ ಸರಿ. ಅರ್ಧದಲ್ಲಿ ನಿಂತುಹೋಗುತ್ತದೆ. ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ, ಕೈ ತಾನಾಗಿಯೇ ಪುಸ್ತಕದ ಕಡೆ ಹೋಗುತ್ತದೆ. ತಡಿ. ಇನ್ನೊಂದು ನಿಮಿಷ ತಿಣುಕಾಡು. ಓದು ಅನ್ನುವುದು ನಡೆಯುವುದು ಆ ನಿಮಿಷದಲ್ಲಿ, ಉಳಿದದ್ದೆಲ್ಲ ಅದಕ್ಕೆ ತಯಾರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸು. ನಾಳೆ ಓದಬೇಕಾದದ್ದು ಆ ಬೇರೆ ಬಣ್ಣದ ಭಾಗ ಮಾತ್ರ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಒಂದು ಬರಹವನ್ನು ನಾಲ್ಕು ಸರದಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಗೆದ್ದದ್ದು ಬರೀ ಓದಿದವರೇ. ಒಂದು ವಾರ ಬಿಟ್ಟು ನೋಡಿದರೆ ಕಥೆ ತಿರುಗಿಬಿಟ್ಟಿತ್ತು: ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ನೆನಪಿನಿಂದ ಬರೆದವರಿಗೆ ಶೇ 61. ಇದರಲ್ಲಿ ನನಗೆ ತಮಾಷೆ ಅನಿಸುವುದು ಇನ್ನೊಂದು ವಿಷಯ. ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ಧೈರ್ಯದಿಂದ ಹೇಳಿದ್ದವರು ಆ ಬರೀ ಓದಿದ ಗುಂಪಿನವರು! ಪರೀಕ್ಷೆಯ ಹಿಂದಿನ ರಾತ್ರಿಯ ನಿನ್ನ ಧೈರ್ಯವೂ ಇದೇ ಜಾತಿಯದು.

ಈಗ ನಿನ್ನ ಗೆಳತಿಯ ಕಡೆ ನೋಡು. ಬಸ್ಸಿನಲ್ಲಿ ಅವಳು ನಿನ್ನನ್ನು ಪೀಡಿಸುತ್ತಿಲ್ಲ, ಓದುತ್ತಿದ್ದಾಳೆ. ಪುಸ್ತಕ ಹಿಡಿದವಳು ನೀನು, ತಿಣುಕಾಡುತ್ತಿರುವವಳು ಅವಳು. ಮಾರ್ಕ್ಸ್ ಯಾರಿಗೆ ಹೋಗಬೇಕು ನೀನೇ ಹೇಳು.

ಹೈಲೈಟರ್ ಬಗ್ಗೆ ಒಂದು ಮಾತು. ಎಸೆಯಬೇಕಿಲ್ಲ, ಸುಮ್ನೆ ಅದರ ಮೇಲೆ ಭರವಸೆ ಇಡಬೇಡ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು ವಿದ್ಯಾರ್ಥಿಗಳು ಬಳಸುವ ಹತ್ತು ಓದಿನ ವಿಧಾನಗಳನ್ನು ಒರೆಗೆ ಹಚ್ಚಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡಕ್ಕೂ ಸಿಕ್ಕಿದ್ದು ಕೆಳಗಿನ ದರ್ಜೆ. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು, ಇವೆರಡಕ್ಕೆ ಮಾತ್ರ ಮೇಲಿನ ದರ್ಜೆ. ನಿನ್ನ ವಯಸ್ಸಿನಲ್ಲಿ ನಾನು ಮೂರು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಬರೆಯುತ್ತಿದ್ದೆ, ಇಡೀ ತರಗತಿ ಅದನ್ನು ಎರವಲು ಪಡೆಯುತ್ತಿತ್ತು. ಭೌತಶಾಸ್ತ್ರದಲ್ಲಿ ಫೇಲಾದವನು ನಾನು, ಎರವಲು ಪಡೆದವರು ಪಾಸು.

ಹಂಚಿಕೊಂಡು ಓದುವ ವಿಷಯ ಬಹಳ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಶಬ್ದತುಣುಕುಗಳನ್ನು ವರ್ಷಗಟ್ಟಲೆ ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪುಸ್ತಕ ಬರೆದರು. (ಎಂಥ ತಾಳ್ಮೆ ಇರಬೇಕು!) ಮರೆವು ಮೊದಲ ಕೆಲವು ಗಂಟೆಗಳಲ್ಲೇ ಭರದಿಂದ ನಡೆದು ಆಮೇಲೆ ನಿಧಾನವಾಗುತ್ತದೆ ಅಂತ ತೋರಿಸಿದ್ದು ಅವರು. ಅದಕ್ಕಿಂತ ನಿನಗೆ ಬೇಕಾದದ್ದು ಇದು: ಹನ್ನೆರಡು ತುಣುಕುಗಳ ಒಂದು ಪಟ್ಟಿಯನ್ನು ಒಂದೇ ದಿನ 68 ಸಲ ಹೇಳಿಕೊಂಡಾಗ ಸಿಕ್ಕಿದ ಫಲ, ಮೂರು ದಿನಕ್ಕೆ ಹಂಚಿಕೊಂಡಾಗ 38 ಸಲಕ್ಕೇ ಸಿಕ್ಕಿತು. ಹೆಚ್ಚೂಕಮ್ಮಿ ಅರ್ಧ ದುಡಿಮೆ. ಹಾಗಾಗಿ ಒಂದೇ ಸಂಜೆ ಮೂರು ಸಲ ಓದುವ ಬದಲು ಇವತ್ತು ಒಮ್ಮೆ, ನಾಳಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ. ನಡುವೆ ಸ್ವಲ್ಪ ಮರೆತಿರುತ್ತೀಯ. ಮರೆತರೆ ಹೆದರಬೇಡ, ಸ್ವಲ್ಪ ಮರೆತದ್ದನ್ನು ಮತ್ತೆ ಎಳೆದು ತರುವಾಗಲೇ ಅದು ಗಟ್ಟಿಯಾಗುವುದು.

ವ್ಯಾಖ್ಯೆ, ಸೂತ್ರ, ಇಸವಿ, ಹೊಸ ಭಾಷೆಯ ಪದಗಳಿಗೆ ಚೀಟಿ ಒಳ್ಳೆಯದು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಹೇಳಿದ ಉಪಾಯವಿದೆ: ಸರಿಯಾಗಿ ಬಂದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಸಾಕು. ತಪ್ಪಿದ ಚೀಟಿ ಮೊದಲ ಡಬ್ಬಿಗೆ ವಾಪಸ್, ನಾಳೆ ಮತ್ತೆ ಸಿಗುತ್ತದೆ.

ಲೆಕ್ಕಕ್ಕೆ ಬೇರೆ ದಾರಿ. ನಾವು ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡುತ್ತೇವೆ, ಐದನೆಯದರಿಂದಾಚೆ ಕೈ ಮಾತ್ರ ಓಡುತ್ತಿರುತ್ತದೆ. ಪರೀಕ್ಷೆಯಲ್ಲಿ ಕಷ್ಟವಾಗುವುದು ಸೂತ್ರ ಹಾಕುವುದಲ್ಲ, ಯಾವ ಸೂತ್ರ ಹಾಕಬೇಕು ಅನ್ನುವುದು. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬವರು ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ ಕೊಟ್ಟರು, ಇನ್ನೊಂದು ಗುಂಪಿಗೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿ ಮಾಡಿದವರೇ ಮುಂದೆ. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರಿಗೆ ಶೇ 20, ಕಲಸಿ ಮಾಡಿದವರಿಗೆ ಶೇ 63. ಹಳೆಯ ಅಧ್ಯಾಯಗಳಿಂದ ಎರಡೆರಡು ಲೆಕ್ಕ ಆರಿಸಿ ಹೊಸದರ ಜೊತೆ ಬೆರೆಸು. ತಪ್ಪು ಜಾಸ್ತಿಯಾಗುತ್ತದೆ, ಬೇಜಾರಾಗುತ್ತದೆ, ಆದರೂ ಮಾಡು.

ಒಂದು ಎಚ್ಚರಿಕೆ. ಅರ್ಥವೇ ಆಗದ ಪಾಠಕ್ಕೆ ಇದ್ಯಾವುದೂ ನಡೆಯುವುದಿಲ್ಲ. ಹಾಳೆಯ ಮೇಲೆ ನಿಂತುಹೋದ ಜಾಗ ಎರಡು ಬಗೆಯದು: ಗೊತ್ತಿತ್ತು ಮರೆತೆ, ಮೊದಲಿಂದಲೂ ಗೊತ್ತಿರಲಿಲ್ಲ. ಎರಡನೆಯದಾದರೆ ಉರು ಹೊಡೆಯಬೇಡ, ಮರುದಿನ ಟೀಚರ್ ಹತ್ತಿರ ಹೋಗಿ ಆ ಒಂದೇ ಜಾಗ ಕೇಳು. 'ಏನೂ ಅರ್ಥ ಆಗಲಿಲ್ಲ' ಅಂದರೆ ಯಾರಿಗೂ ಸಹಾಯ ಮಾಡಲು ಬರುವುದಿಲ್ಲ. 'ಈ ಮೂರನೇ ಸಾಲಿನಿಂದ ನಾಲ್ಕನೆಯದು ಹೇಗೆ ಬಂತು' ಅಂದರೆ ಎರಡು ನಿಮಿಷದ ಕೆಲಸ.

ಇನ್ನು ನಿನ್ನ ಬುಧವಾರ. ಟೈಮ್ ಟೇಬಲ್ ಮುರಿಯುವುದು ಸೋಮಾರಿತನದಿಂದ ಅಂತ ನಿನಗೆ ಯಾರೋ ಹೇಳಿದ್ದಾರೆ ಅನಿಸುತ್ತದೆ. ಮನುಷ್ಯರಿಗೆ ತಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡಲು ಬರುವುದೇ ಇಲ್ಲ. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆ ಅಂದಿದ್ದರು, ಹಿಡಿದದ್ದು 55 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದೂ 49ರ ಒಳಗೇ! ಅವರೆಲ್ಲ ನಿನಗಿಂತ ದೊಡ್ಡವರು.

ಆದ್ದರಿಂದ ವಾರದ ಟೈಮ್ ಟೇಬಲ್ ಹಾಕುವಾಗ ಬುಧವಾರ ಸಂಜೆ ಖಾಲಿ ಬಿಡು. ಮುರಿದದ್ದೆಲ್ಲ ಅಲ್ಲಿಗೆ ಬಂದು ಬೀಳಲಿ. ಮತ್ತೆ, 'ರಸಾಯನಶಾಸ್ತ್ರ, 6ರಿಂದ 8' ಅಂತ ಬರೆಯಬೇಡ. ಎರಡು ಗಂಟೆ ಪುಸ್ತಕದ ಮುಂದೆ ಕೂತರೂ ಆ ಸಾಲಿಗೆ ಟಿಕ್ ಬೀಳುತ್ತದೆ. 'ಆಮ್ಲ-ಪ್ರತ್ಯಾಮ್ಲದ ಐದು ಪ್ರಶ್ನೆಗೆ ನೋಡದೆ ಉತ್ತರ' ಅಂತ ಬರೆ. ಆಯಿತೋ ಇಲ್ಲವೋ ನಿನಗೆ ಸುಳ್ಳು ಹೇಳಿಕೊಳ್ಳಲು ಬರುವುದಿಲ್ಲ. ಕೂರಲು ಮನಸ್ಸೇ ಬರದ ದಿನ ಟೈಮರ್ 25 ನಿಮಿಷಕ್ಕೆ ಇಟ್ಟು ಒಂದು ಪ್ರಶ್ನೆ ಮಾತ್ರ ಶುರು ಮಾಡು.

ಫೋನ್ ಬೇರೆ ಕೋಣೆಯಲ್ಲಿರಲಿ. ಇದರ ಬಗ್ಗೆ ಮನೆಯಲ್ಲಿ ಸಾಕಷ್ಟು ಕೇಳಿರುತ್ತೀಯ, ನಾನು ಬೇರೆ ಶುರು ಮಾಡುವುದಿಲ್ಲ.

ನಿದ್ದೆ ಮಾತ್ರ ಬಿಡಬೇಡ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಓದಿದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ಬೆಳಗ್ಗೆ ಬೇಗ ಎಚ್ಚರವಾಗುವುದಿಲ್ಲ. ಅದಕ್ಕೆ ನಸುಕಿನಲ್ಲೇ ಎದ್ದು ಓದುವವರನ್ನು ನೋಡಿ ತಪ್ಪಿತಸ್ಥಳ ಹಾಗೆ ಕೊರಗಬೇಡ. ಆದರೆ ರಾತ್ರಿ ಎರಡರವರೆಗೆ ಮೂರನೇ ಸಲದ ಓದು ನಡೆಯುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸು. ನಷ್ಟವೇನೂ ಇಲ್ಲ.

ನಾಳೆ ಬಸ್ಸಿನಲ್ಲಿ ಗೆಳತಿ ಪುಸ್ತಕ ಕೊಟ್ಟಾಗ ಅವಳಿಗೆ ಐದು ಪ್ರಶ್ನೆ ಕೇಳು. ಆಮೇಲೆ ಪುಸ್ತಕ ವಾಪಸ್ ಅವಳ ಕೈಗೆ ಕೊಟ್ಟು, 'ಈಗ ನೀನು ಕೇಳೇ' ಅನ್ನು. ಮೊದಲ ವಾರ ಮುಖಭಂಗವಾಗುತ್ತದೆ. ಒಂದು ತಿಂಗಳು ಬಿಟ್ಟು ನನಗೆ ಬರೆ. ಮಾರ್ಕ್ಸ್ ಬರೆಯಬೇಡ, ಬುಧವಾರ ಸಂಜೆ ಏನೇನು ಬಂದು ಬಿತ್ತು ಅಂತ ಬರೆ.

— ಸಂ.