ಆ ಹಾಡು ಯಾರ ಬಾಯಲ್ಲಿ ಬಂತು?

ಪ್ರಿಯ ಲೇಖಕರೇ,

ಈಸ್ಟರ್ ಕಥೆಯನ್ನು, ಅಂದರೆ ಯೇಸುವಿನ ಸಾವು ಮತ್ತು ಪುನರುತ್ಥಾನದ ಕಥೆಯನ್ನು, ಪಾಪ್ ಹಾಡುಗಳ ಮೂಲಕ ಊರ ನಡುವೆ ಆಡಿತೋರಿಸುವ ಪ್ರಯೋಗಗಳ ಬಗ್ಗೆ ನೀವು ಕಳಿಸಿದ ಪ್ರಬಂಧ ಓದಿದೆ. ಭಾಷೆ ಶುದ್ಧವಾಗಿದೆ, ವಿಷಯ ಹೊಸದು, ಓದಿಕೊಂಡು ಬರೆದಿದ್ದೀರಿ. ಆದರೂ ಹಿಂದಿರುಗಿಸುತ್ತಿದ್ದೇನೆ. ಕಾರಣ ಮೂರನೆಯ ಪುಟ.

“ಮ್ಯಾಂಚೆಸ್ಟರಿನ ಆಲ್ಬರ್ಟ್ ಚೌಕದಲ್ಲಿ ನೆರೆದ ಜನಸಾಗರ ದಿವ್ಯ ಸಂಗೀತದಲ್ಲಿ ತೇಲಿಹೋಯಿತು” ಎಂದಿದ್ದೀರಿ. ಯಾವ ಸಂಗೀತ? 2006ರ ಶುಭ ಶುಕ್ರವಾರದ ರಾತ್ರಿ ನಡೆದ ಆ ‘ಮ್ಯಾಂಚೆಸ್ಟರ್ ಪ್ಯಾಶನ್’ ಪ್ರಯೋಗದಲ್ಲಿ ಕೇಳಿಸಿದ್ದು ಅದೇ ಊರಿನ ಬ್ಯಾಂಡುಗಳ ಹಾಡುಗಳು. ಜನ ಕುಣಿದ, ಪ್ರೀತಿ ಮುರಿದಾಗ ಒಬ್ಬರೇ ಕೂತು ಕೇಳಿದ ಹಾಡುಗಳು. ನ್ಯೂ ಆರ್ಡರ್ ತಂಡದ 1983ರ ‘ಬ್ಲೂ ಮಂಡೇ’ಯನ್ನು ಯೇಸುವೂ ಅವನನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಸೇರಿ ಹಾಡಿದರು. ನನ್ನನ್ನು ಹೀಗೆ ನಡೆಸಿಕೊಂಡೆಯಲ್ಲ ಎಂದು ಲೆಕ್ಕ ಕೇಳುವ ಹಾಡು ಅದು. ದ್ರೋಹ ಮಾಡುವವನೂ ದ್ರೋಹಕ್ಕೆ ಗುರಿಯಾದವನೂ ಒಂದೇ ಪ್ರಶ್ನೆಯನ್ನು ಹಂಚಿಕೊಂಡಾಗ ಯಾರು ಯಾರನ್ನು ಕೇಳುತ್ತಿದ್ದಾರೆ? ನನಗೆ ಮೈ ಜುಂ ಎಂದದ್ದು ಇಲ್ಲಿ. ನಿಮ್ಮ ಪ್ರಬಂಧದಲ್ಲಿ ಈ ಹಾಡಿನ ಹೆಸರೇ ಇಲ್ಲ.

ಮುಂದಿನ ಸಾಲು: “ಹೀಗೆ ಸಾಮಾನ್ಯ ಪ್ರೇಮಗೀತೆಯೂ ದೇವಪ್ರೇಮದ ಸಂಕೇತವಾಯಿತು.” ದಯವಿಟ್ಟು ಹೊಡೆದುಹಾಕಿ. ಕೊನೆಯಲ್ಲಿ ಯೇಸು ಹಾಡಿದ ‘ಐ ಆ್ಯಮ್ ದ ರೆಸರೆಕ್ಷನ್’ (ನಾನೇ ಪುನರುತ್ಥಾನ) ಪ್ರೇಮಗೀತೆಯೇ ಅಲ್ಲ. ಸ್ಟೋನ್ ರೋಸಸ್ ತಂಡದ ಆ ಹಾಡು ಬೇಡವಾದವರನ್ನು ಬಾಗಿಲಿಂದಾಚೆ ಅಟ್ಟುವ ತಿರಸ್ಕಾರದ ಹಾಡು. ಅದರ ಪಲ್ಲವಿ ಮಾತ್ರ ಯೋಹಾನನ ಸುವಾರ್ತೆಯಿಂದ ಬಂದದ್ದು, ಲಾಜರನ ಸಾವಿನ ಹೊತ್ತಿನಲ್ಲಿ ಯೇಸು ಅವನ ಸೋದರಿ ಮಾರ್ಥಳಿಗೆ ಹೇಳಿದ ಮಾತು. ರಾಕ್ ತಂಡವೊಂದು ಸಿಟ್ಟಿಗೆ ಎತ್ತಿಕೊಂಡ ಮಾತನ್ನು ಅದರ ಒಡೆಯನೇ ಬಂದು ವಾಪಸು ಪಡೆಯುತ್ತಾನೆ. ಇಷ್ಟನ್ನು ಹೇಳಿ ಸುಮ್ಮನಾಗಿ. ಸಂಕೇತ ಗಿಂಕೇತವನ್ನು ಓದುಗ ನೋಡಿಕೊಳ್ಳುತ್ತಾನೆ.

ವಾರಪತ್ರಿಕೆಯೊಂದರಲ್ಲಿ ನಾನು ಕರಡು ತಿದ್ದುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಸಂಗೀತ ಕಛೇರಿಯ ವಿಮರ್ಶೆಯಲ್ಲಿ “ಸಭಿಕರು ಮಂತ್ರಮುಗ್ಧರಾದರು” ಎಂದು ಕಂಡರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು: ‘ಯಾವ ಕೃತಿಗೆ? ಯಾವ ಸಾಲಿಗೆ?’ ಆ ಹಾಳೆಗಳನ್ನು ಬರೆದವರಿಗೆ ತಲುಪಿಸುವ ಕೆಲಸ ನನ್ನದು. ಕೆಲವರು ಸಿಡುಕಿದರು. ಒಬ್ಬರು ಅಲ್ಲೇ ನಿಂತು ಯೋಚಿಸಿ, ಮಂತ್ರಮುಗ್ಧತೆಯನ್ನು ಅಳಿಸಿ, ಗಾಯಕಿ ಅನುಪಲ್ಲವಿಯ ಒಂದೇ ಸಾಲಿಗೆ ಮತ್ತೆ ಮತ್ತೆ ಮರಳಿದಾಗ ಪಕ್ಕವಾದ್ಯದವರು ನುಡಿಸುವುದನ್ನು ಬಿಟ್ಟು ಕೇಳುತ್ತ ಕೂತರು ಎಂದು ಬರೆದುಕೊಟ್ಟರು. ವಿಮರ್ಶೆ ಅಂದರೆ ಏನೆಂದು ನಾನು ಕಲಿತದ್ದು ಆ ತಿದ್ದುಪಡಿಯಿಂದ.

ಇನ್ನೊಂದು ಸಾಲೂ ನನ್ನನ್ನು ಕೆಣಕಿತು: “ಪವಿತ್ರ ಕಥೆಗೆ ಬೀದಿಯ ಹಾಡು ತೊಡಿಸಿದ್ದು ನಮ್ಮ ಕಾಲದ ಧೈರ್ಯ.” ಅಲ್ಲ. 1727ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ಕೇಳಿಸಿದ, ಜರ್ಮನ್ ಸಂಗೀತಕಾರ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ, ಯೇಸುವಿನ ಯಾತನೆ ಮತ್ತು ಸಾವನ್ನು ಹಾಡುವ ಆ ಕೃತಿಯಲ್ಲಿ, ಮುಳ್ಳಿನ ಕಿರೀಟದ ತಲೆಯನ್ನು ಕುರಿತ ಸ್ತುತಿಗೀತೆಯ ಧಾಟಿ ಐದು ಕಡೆ ಬರುತ್ತದೆ. ಅದು ಹ್ಯಾಸ್ಲರ್ ಎಂಬ ಸಂಗೀತಕಾರ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯ ಧಾಟಿ. ಆದರೆ ಬಾಖ್‌ನ ಹೊತ್ತಿಗೆ ಅದರ ಹಳೆಯ ಮಾತು ಹೋಗಿ ಭಕ್ತಿಯ ಮಾತು ಬಂದಿತ್ತು. ಮ್ಯಾಂಚೆಸ್ಟರಿನಲ್ಲೂ, 2011ರಲ್ಲಿ ಗೌಡಾ ಪಟ್ಟಣದಿಂದ ಶುರುವಾದ ಡಚ್ಚರ ಇಂಥದೇ ಪ್ರಯೋಗ ‘ದಿ ಪ್ಯಾಶನ್’ನಲ್ಲೂ ಹಾಡು ತನ್ನ ಹಳೆಯ ಮಾತಿನೊಂದಿಗೇ ಬರುತ್ತದೆ. ಕೇಳುವವನ ನೆನಪೂ ಜೊತೆಗೆ ಬರುತ್ತದೆ. ಹೊಸತು ಇರುವುದು ಅಲ್ಲಿ, ನಿಮ್ಮ ಪ್ರಬಂಧ ಹುಡುಕಬೇಕಾದದ್ದೂ ಅದನ್ನೇ.

ಮೂರನೆಯ ಪುಟವನ್ನು ಮತ್ತೆ ಬರೆಯಿರಿ. ಒಂದೇ ಹಾಡು ಸಾಕು: ಯಾರು, ಯಾರಿಗೆ, ಕಥೆಯ ಯಾವ ಗಳಿಗೆಯಲ್ಲಿ ಹಾಡಿದರು, ಅದಕ್ಕೆ ಮೊದಲು ಜನ ಅದನ್ನು ಯಾವುದಕ್ಕೆ ಹಾಡಿಕೊಳ್ಳುತ್ತಿದ್ದರು. ಬೆಳಗುವ ಶಿಲುಬೆಯ ಮೆರವಣಿಗೆಯ ಭಾಗವನ್ನು ಮುಟ್ಟಬೇಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.