ಅಬಾಲಿಷ್ ಅಂದರೆ ಜಮೀನು ಹೋಯ್ತು ಅಂತಲ್ಲ

ಮದ್ದೂರು ಕಡೆಯ ತಮ್ಮ ಬೆಳಗ್ಗೆ ನಮ್ಮ ಗುಂಪಿನಲ್ಲಿ ಹಾಕಿದ ಫೋಟೊ ನೋಡಿದೆ. ತಾತನ ನೀರಗಂಟಿ ಇನಾಂ ಜಮೀನಿನ, ಅಂದರೆ ನೀರು ಹಂಚುವ ಹುದ್ದೆಗೆ ಅಂತ ಕೊಟ್ಟಿದ್ದ ಜಮೀನಿನ, ಹಳೇ ಇಂಗ್ಲಿಷ್ ಆದೇಶ. ಹುದ್ದೆ ‘ಅಬಾಲಿಷ್’ ಆಗಿದೆ ಅಂತ ಅದರಲ್ಲಿದೆ. ಫೋನಿನಲ್ಲಿ ಅನುವಾದ ಮಾಡಿದರೆ ‘ನಾಶಪಡಿಸಲಾಗಿದೆ’ ಅಂತ ಬಂತಂತೆ. ಕೆಳಗೆ ಇಬ್ಬರು ‘ಜಮೀನು ಸರ್ಕಾರದ್ದು, ಮರೆತುಬಿಡಿ’ ಅಂದಿದ್ದಾರೆ. ಇನ್ನೊಬ್ಬರು ‘ಅಬಾಲಿಷ್, ರಿಪೀಲ್, ರಿವೋಕ್ ಎಲ್ಲಾ ಒಂದೇ’ ಅಂದಿದ್ದಾರೆ. ಒಂದೇ ಅಲ್ಲ ಸ್ವಾಮಿ. ಮಂಡ್ಯದಲ್ಲಿ ಮೂವತ್ತು ವರ್ಷ ಪತ್ರ ಬರಹಗಾರನಾಗಿದ್ದವನು ನಾನು. ಉತ್ತರ ಸ್ವಲ್ಪ ಉದ್ದ ಆಗುತ್ತೆ. ಕಬ್ಬಿಗೆ ನೀರು ಕಟ್ಟಿ ಬಂದು ನಿಧಾನವಾಗಿ ಓದಿ.

ಮೊದಲು ಜಮೀನಿನ ವಿಷಯ. ಆ ಪದ ಕಂಡ ಕೂಡಲೇ ‘ಅಬಾಲಿಷ್ ಆಗಿದ್ದು ಏನು?’ ಅಂತ ಕೇಳಿ. ಇಲ್ಲಿ ಆಗಿದ್ದು ಹುದ್ದೆ. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಇವೆಲ್ಲ ವಂಶಪಾರಂಪರ್ಯವಾಗಿ ಬರುತ್ತಿದ್ದ ಹುದ್ದೆಗಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅವನ್ನು ತೆಗೆಯಿತು. ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ರಿಂದ. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ನೀರಗಂಟಿ ಹುದ್ದೆ ಕಾಗದದಲ್ಲಿ ಹೋಯ್ತು, ಬಾಯಲ್ಲಿ ಹೋಗಲಿಲ್ಲ. ನಾಲೆಗೆ ನೀರು ಬಿಟ್ಟರೆ ಇವತ್ತಿಗೂ ‘ನೀರಗಂಟಿ ಎಲ್ಲಪ್ಪಾ?’ ಅಂತಲೇ ಕೂಗುತ್ತೇವೆ ಅಲ್ವಾ.

ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅಬಾಲಿಷ್ ಇರುವ ಸಾಲಿನ ಕೆಳಗೇ ‘ರೆಸ್ಯೂಮ್ಡ್’ ಅಂತ ಇದೆ. ನಿಜವಾಗಿ ದಾರಿ ತಪ್ಪಿಸುವ ಪದ ಅದು. ಸ್ಕೂಲಲ್ಲಿ ಕಲಿತಿದ್ದು ‘ಮತ್ತೆ ಶುರುವಾಯಿತು’ ಅಂತ. ಕಂದಾಯದ ಇಂಗ್ಲಿಷಿನಲ್ಲಿ ‘ಸರ್ಕಾರ ವಾಪಸ್ ವಶಕ್ಕೆ ತೆಗೆದುಕೊಂಡಿತು’ ಅಂತ. ಅಯ್ಯೋ ಅನ್ನಬೇಡಿ, ಕಥೆ ಅಲ್ಲಿಗೆ ಮುಗಿಯಲ್ಲ. ಹೀಗೆ ತೆಗೆದುಕೊಂಡ ಜಮೀನನ್ನು ಹುದ್ದೆ ಹೊಂದಿದ್ದವರಿಗೇ ಮರುಮಂಜೂರು ಮಾಡಿಕೊಡಲು ಅದೇ ಕಾಯ್ದೆಯಲ್ಲಿ ದಾರಿ ಇಟ್ಟಿದ್ದರು. ಅದೇ ‘ರೀಗ್ರ್ಯಾಂಟ್’. ನಿಮ್ಮ ಫೋಟೊದಲ್ಲಿ ಪುಟದ ಕೆಳಭಾಗ ಕತ್ತರಿಸಿಹೋಗಿದೆ. ನಮಗೆ ಬೇಕಾದ ಪದ ಅಲ್ಲೇ ಇರಬಹುದು.

ಅಲ್ಲಿ ಸಿಗದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ರೀಗ್ರ್ಯಾಂಟ್ ಆದೇಶದ ನಕಲಿಗೆ ಅರ್ಜಿ ಹಾಕಿ. ಸುಮ್ನೆ ಬಾಯಲ್ಲಿ ಕೇಳಬೇಡಿ, ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಜೊತೆಗೆ ಹಳೇ ಕೈಬರಹದ ಪಹಣಿ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲನ್ನೂ ಕೇಳಿ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ನೇ ಕಾಲಂನಲ್ಲಿ ಅದು ಹೇಗೆ ಬಂತು ಅಂತ ಬರೆದಿದೆ, ಎರಡನ್ನೂ ಆದೇಶದ ಪಕ್ಕ ಇಟ್ಟು ನೋಡಿ. ಮಧ್ಯೆ ಯಾರಿಗಾದರೂ ಮಾರಿದ್ದರೆ ಮಾತ್ರ ವಕೀಲರ ಹತ್ತಿರ ಹೋಗಿ. 1978ರ ತಿದ್ದುಪಡಿ ಇಂಥ ಜಮೀನಿನ ಪರಭಾರೆಗೆ 15 ವರ್ಷದ ಕಟ್ಟು ಹಾಕಿತ್ತು. ಆ ಲೆಕ್ಕ ಗುಂಪಿನಲ್ಲಿ ಕೂತು ಹೇಳುವಂಥದ್ದಲ್ಲ.

ಇನ್ನು ‘ಎಲ್ಲಾ ಒಂದೇ’ ಅಂದವರಿಗೆ.

ಬಹಳ ಕಾಲದಿಂದ ಬೇರುಬಿಟ್ಟ ಏರ್ಪಾಡನ್ನು ಪೂರ್ತಿ ತೆಗೆದರೆ ಅದು ಅಬಾಲಿಷ್. ಹುದ್ದೆ, ಪದ್ಧತಿ, ತೆರಿಗೆ ಇಂಥವಕ್ಕೆ ಸರಿ. ಬ್ರಿಟಿಷರ ಗುಲಾಮಗಿರಿ ರದ್ದತಿ ಕಾಯ್ದೆ 1833ರದ್ದು, ನಮ್ಮ ಜೀತ ರದ್ದತಿ ಕಾಯ್ದೆ 1976ರದ್ದು, ಎರಡರ ಹೆಸರಲ್ಲೂ ಇದೇ ಪದ. 1971ರಲ್ಲಿ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ಹೋದಾಗಲೂ ಪೇಪರಿನವರು ರದ್ದತಿ ಅಂತಲೇ ಬರೆದರು. ಆದರೆ ಸಂವಿಧಾನದ 17ನೇ ವಿಧಿ ನೋಡಿ. ಇಂಗ್ಲಿಷಿನಲ್ಲಿ ಅಸ್ಪೃಶ್ಯತೆ ಅಬಾಲಿಷ್ ಅಂತಿದೆ, ಕನ್ನಡದಲ್ಲಿ ನಾವು ನಿರ್ಮೂಲನೆ ಅನ್ನುತ್ತೇವೆ. ಮೂಲ ಅಂದರೆ ಬೇರು. ಪಾರ್ಥೇನಿಯಂ ಗಿಡವನ್ನು ಕುಡುಗೋಲಲ್ಲಿ ಸವರಿದರೆ ಮತ್ತೆ ಚಿಗುರುತ್ತೆ, ಬೇರು ಸಮೇತ ಕಿತ್ತರೇನೇ ನಿರ್ಮೂಲನೆ. ‘ರದ್ದು’ ಕಾಗದದ ಮೇಲಿನ ಪದ. ಅರಬ್ಬಿಯಿಂದ ಬಂದದ್ದು, ರದ್ದಿ ಪೇಪರಿನ ರದ್ದಿಯೂ ಅದೇ ಮನೆತನ. ಅಸ್ಪೃಶ್ಯತೆಗೆ ಅದು ಸಾಲದು ಅಂತ ನನಗನ್ನಿಸುತ್ತೆ.

ರಿಪೀಲ್ ಕಾನೂನಿಗೆ ಮಾತ್ರ. ಮಾಡಿದ ಶಾಸನಸಭೆಯೇ ತೆಗೆಯಬೇಕು. ಮೂರು ಕೃಷಿ ಕಾಯ್ದೆ ನೆನಪಿದೆಯಲ್ಲ? 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು ತಡೆ. ಕಾಯ್ದೆ ಆಗ ಸತ್ತಿರಲಿಲ್ಲ, ನಿಂತಿತ್ತು ಅಷ್ಟೇ. ನವೆಂಬರಿನಲ್ಲಿ ಸಂಸತ್ತು ಮಾಡಿದ್ದು ರಿಪೀಲ್. ನಮ್ಮವರು ‘ವಾಪಸ್ ತಗೊಂಡರು’ ಅಂದರು. ಸರಿಯಾದ ಮಾತೇ, ರಿಪೀಲ್ ಪದದ ಹಳೇ ಅರ್ಥವೂ ವಾಪಸ್ ಕರೆಯುವುದು. ಕಾಯ್ದೆ ಉಳಿಸಿ ಕಲಂ ಮಾತ್ರ ಕೈಬಿಡುವುದೂ ಉಂಟು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋಗಿದ್ದು ಹಾಗೆ. ‘ಭೂಸುಧಾರಣೆ ಕಾಯ್ದೆಯೇ ರದ್ದು’ ಅಂತ ಈ ಗುಂಪಿನಲ್ಲೇ ಯಾರೋ ಹಾಕಿದ್ದರು. ತಪ್ಪು.

ರಿವೋಕ್ ಅಂದರೆ ಕೊಟ್ಟವರೇ ಹಿಂಪಡೆಯುವುದು. ಲೈಸೆನ್ಸ್, ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ), ಉಯಿಲು. ಒಮ್ಮೆ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಹುಡುಗ ಇಂಗ್ಲಿಷಿನಲ್ಲಿ ಚೀಟಿ ಬರೆದು ತಂದಿದ್ದ, ‘ಮೊದಲ ಉಯಿಲನ್ನು ಅಬಾಲಿಷ್ ಮಾಡಿ’ ಅಂತ. ನಾನು ‘ಹಿಂದಿನ ಉಯಿಲನ್ನು ಈ ಮೂಲಕ ರದ್ದುಪಡಿಸಿರುತ್ತೇನೆ’ ಅಂತ ಬರೆದು ಓದಿ ಹೇಳಿದೆ. ಅಜ್ಜಿ ‘ರದ್ದು ಅಂದ್ಯಲ್ಲ, ಸಾಕು, ಎಲ್ಲಿ ಹೆಬ್ಬೆಟ್ಟು ಹಾಕ್ಲಿ?’ ಅಂದರು. ಕನ್ನಡದ ರದ್ದಿಗೆ ಆ ಅನುಕೂಲ ಇದೆ, ಪದ್ಧತಿಗೂ ಆಗುತ್ತೆ ಪತ್ರಕ್ಕೂ ಆಗುತ್ತೆ. ತೊಂದರೆಯೂ ಅದರಿಂದಲೇ.

ನಿಷೇಧ ಬೇರೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಮುಂದೆ ಮಾರಿದರೆ ಕೇಸು ಅಂತ ಅದರ ಅರ್ಥ. ಮನ್ನಾ ಇನ್ನೂ ಬೇರೆ, ಕೊಡಬೇಕಾದ ಬಾಕಿ ಬಿಟ್ಟುಕೊಡುವುದು. ಸಾಲ ಮನ್ನಾ ಆದರೂ ಪಹಣಿಯ 11ನೇ ಕಾಲಂನಲ್ಲಿ ಸಾಲದ ನಮೂದು ತಾನಾಗಿ ಅಳಿಸಿಹೋಗುತ್ತೆ ಅಂತ ಕೂರಬೇಡಿ. ನನ್ನದೇ ಒಂದು ನಮೂದು ತೆಗೆಸಲು ನಾಲ್ಕು ಸಲ ಅಲೆದಿದ್ದೇನೆ. ಬ್ಯಾಂಕಿನಿಂದ ತೀರುವಳಿ ಪತ್ರ ತಂದು ಕೊಟ್ಟ ಮೇಲೇ ಅದು ಹೋಗಿದ್ದು.

ತಮ್ಮಾ, ಪುಟದ ಕೆಳಭಾಗ ಮತ್ತು ಹಿಂಬದಿ, ಎರಡರ ಫೋಟೊ ಹಾಕಿ. ಬಿಸಿಲಿಗೆ ಇಟ್ಟು ತೆಗೆಯಿರಿ, ಸೀಲಿನ ಅಕ್ಷರ ಓದಲು ಆಗುತ್ತಿಲ್ಲ. ಹಾಕುವ ಮುಂಚೆ ಹೆಸರು, ಸರ್ವೆ ನಂಬರ್ ಮೇಲೆ ಬೆರಳಿಟ್ಟು ಮುಚ್ಚಿ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ನೋಡುತ್ತೇನೆ.